ಮನಿಯಾಕಿ ಒಪ್ಪಲಿಲ್ಲ

ಕಂಪ್ಲಿಯ ಕಾಲುವೆ ದಂಡೆಯಲ್ಲಿ ದೊಡ್ಡಬಸಪ್ಪನನ್ನು ಕೆಟ್ಟವನೆಂದವರು ಒಬ್ಬರೂ ಇರಲಿಲ್ಲ. ಅವನಿಗೆ ಬೇಕಾಗಿದ್ದುದೂ ಅದೇ. ಅಪ್ಪ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆಯ ಜೊತೆಗೆ ಆಲೆಮನೆಯ ಹಿರಿತನವೂ ಅವನ ಪಾಲಿಗೆ ಬಂದಿತ್ತು. ಕಬ್ಬು ಅರೆಯುವ ಕಬ್ಬಿಣದ ಗಾಣ, ಕಬ್ಬಿನ ಹಾಲು ಕಾಯಿಸುವ ದೊಡ್ಡ ಕೊಪ್ಪರಿಗೆ ಎರಡೂ ಆ ಮನೆಯವು. ಆ ಕಾಲುವೆಯ ನೀರಿನಲ್ಲಿ ಬೆಳೆದ ಕಬ್ಬೆಲ್ಲ ಅಲ್ಲಿಗೇ ಬಂದು ಬೆಲ್ಲವಾಗಬೇಕು. ಯಾರದು ಮೊದಲು, ಯಾರದು ಆಮೇಲೆ ಎಂದು ಸರದಿ ಹೇಳುವವನು ಯಜಮಾನ. ಅವನು ಹೇಳಿದ ಮೇಲೆಯೇ ಕಬ್ಬಿಗೆ ಕುಡುಗೋಲು ಬೀಳುತ್ತಿತ್ತು.

ಅಪ್ಪ ಇದ್ದಾಗ ಆ ಮಾತು ಗಡುಸಾಗಿತ್ತು. "ಆಗಂಗಿಲ್ಲ, ನಡಿ" ಎಂದರೆ ಮುಗಿಯಿತು. ಬೈದುಕೊಂಡು ಹೋದವರೂ ತಮ್ಮ ಸರದಿಗೆ ಬಂದು ಗಾಣಕ್ಕೆ ಎತ್ತು ಕಟ್ಟುತ್ತಿದ್ದರು. ದೊಡ್ಡಬಸಪ್ಪನ ನಾಲಿಗೆಗೆ ಆ ಮಾತು ಬರುತ್ತಿರಲಿಲ್ಲ. ಎದುರಿಗೆ ನಿಂತವನ ಮುಖ ಬಾಡುವುದನ್ನು ಅವನು ನೋಡಲಾರ. ಯಾರು ಏನು ಕೇಳಿದರೂ, "ನಂದೇನು ಅಡ್ಡಿಲ್ಲಪ. ಮನಿಯಾಗ ಒಂದು ಮಾತು ಕೇಳಿ ಹೇಳ್ತೀನಿ" ಎನ್ನುವನು. ಆಗುವಂಥದ್ದಾದರೆ ತಾನೇ ಕೊಟ್ಟು ಕೈಮುಗಿಸಿಕೊಳ್ಳುವನು. ಆಗದಿದ್ದರೆ ಮರುದಿನ ತಲೆ ಕೆರೆಯುತ್ತ, "ಏನ್ ಮಾಡ್ಲಿ, ಮನಿಯಾಕಿ ಒಪ್ಪಲಿಲ್ಲ" ಎನ್ನುವನು.

ಮನೆಯಾಕೆ ಸುವರ್ಣಮ್ಮನಿಗೆ ಅದರ ಸುದ್ದಿಯೇ ಇರುತ್ತಿರಲಿಲ್ಲ. ಅವಳು ಒಳಗೆ ರೊಟ್ಟಿ ಬಡಿಯುತ್ತಿರುತ್ತಿದ್ದಳು. ಕಟ್ಟೆಯ ಮೇಲೆ ಕೂತು ಪಂಚಾಯತಿ ಮಾಡುವವಳಲ್ಲ, ಯಾರನ್ನೂ ಲೆಕ್ಕ ಕೇಳುವವಳಲ್ಲ. ಅವಳ ಹೆಸರಿಗೆ ಒಂದು ಮಾತು ಅಂಟಿಕೊಂಡರೆ ಯಾರಿಗೇನು ನಷ್ಟ ಎಂದು ದೊಡ್ಡಬಸಪ್ಪ ಅಂದುಕೊಂಡಿದ್ದ. ನಿಜ ಹೇಳಬೇಕೆಂದರೆ, ಅಂದುಕೊಳ್ಳುವಷ್ಟು ಯೋಚನೆಯನ್ನೂ ಅವನು ಮಾಡಿರಲಿಲ್ಲ.

ಆ ವರ್ಷ ಪುಷ್ಯ ಮಾಸದಲ್ಲಿ ತಾಯಪ್ಪ ಆಲೆಮನೆಗೆ ಬಂದ. ಕಾಲುವೆಯ ತುದಿಯಲ್ಲಿ ಒಂದು ತುಂಡು ಹೊಲ ಮಾಡಿಕೊಂಡಿದ್ದವನು.

"ಯಜಮಾನ್ರ, ನನ್ನ ಕಬ್ಬು ಬಲಿತು ಹೂವು, ಸೂಲಂಗಿ ಬಿಟ್ಟೈತ್ರಿ. ಇನ್ನು ನಿಂತ್ರ ಬೆಂಡಾಗ್ತೈತಿ. ಮುಂದಿನ ಸರದಿ ನಂದ ಅಲ್ರೀ?"

"ನಿಂದಽ. ನಾಳೆ ಕಡಿ. ನಾಡಿದ್ದು ಮುಂಜಾನೆ ಗಾಣಕ್ಕ ಹಾಕು."

ತಾಯಪ್ಪ ಎರಡೂ ಕೈ ಎತ್ತಿ ಮುಗಿದು ಹೋದ. ದೊಡ್ಡಬಸಪ್ಪನಿಗೆ ಹೊಟ್ಟೆ ತುಂಬಿದಂತಾಯಿತು.

ಅದೇ ಸಂಜೆ ಅಕ್ಕಿ ಗಿರಣಿಯ ವಿರುಪಾಕ್ಷಪ್ಪ ಛತ್ರಿ ಊರಿಕೊಂಡು ಮನೆಗೇ ಬಂದರು. ತಾಲೂಕು ಬೋರ್ಡಿನ ಮೆಂಬರು. ಹೊಸಪೇಟೆ ಸ್ಟೇಷನ್ನಿನಲ್ಲಿ ಅವರ ಬೆಲ್ಲಕ್ಕೆ ವ್ಯಾಗನ್ ನಿಗದಿಯಾಗಿತ್ತು. ಕಬ್ಬು ನಾಡಿದ್ದೇ ಅರೆಯಬೇಕು.

"ನಿಮ್ಮಪ್ಪ ಭಾಳ ಒರಟು ಇದ್ದ" ಎಂದರು ಚಹಾ ಕುಡಿಯುತ್ತ. "ನೀ ಹಂಗಲ್ಲ. ನಾಕು ಮಂದೀನ ಸಂಭಾಳಿಸೋ ಗುಣ ನಿನ್ನ ಹತ್ರ ಐತಿ. ಮುಂದಿನ ಸಲ ಪಂಚಾಯತಿ ಪ್ರೆಸಿಡೆಂಟ್‌ಗಿರಿಗೆ ನಿನ್ನ ಹೆಸರು ಹೇಳೂಣಂತ ಮಾಡೇನಿ."

ದೊಡ್ಡಬಸಪ್ಪನ ಕಿವಿ ಬಿಸಿಯಾದವು. "ಅದಕ್ಕೇನ್ರಿ, ತಂದು ಹಾಕ್ರಿ" ಎಂದುಬಿಟ್ಟ.

ರಾತ್ರಿ ಊಟಕ್ಕೆ ಕೂತಾಗ ತಮ್ಮ ಜಡೆಪ್ಪ ರೊಟ್ಟಿ ಮುರಿಯದೆ ಅಣ್ಣನನ್ನೇ ನೋಡಿದ. ಆಲೆಮನೆಯ ಕೆಲಸವೆಲ್ಲ ಅವನದು. ಒಲೆಗೆ ಬೆಂಕಿ ಹಾಕುವವನು, ಪಾಕ ನೋಡುವವನು ಅವನೇ.

"ಅಣ್ಣ, ತಾಯಪ್ಪ ನಾಳೆ ಕಬ್ಬು ಕಡೀತಾನ. ಕಡಿದದ್ದು ಬಿಸಿಲಾಗ ಬಿದ್ರ ಏನಾಗ್ತೈತಿ ನಿನಗ ಗೊತ್ತಿಲ್ಲೇನು? ಈಗಽ ಹೋಗಿ ಬ್ಯಾಡ ಅಂತ ಹೇಳು."

"ಹೇಳ್ತೀನಿ. ನೀ ಉಣ್ಣು."

"ಯಾರಿಗೆ ಏನು ಹೇಳ್ತಿ?" ಎಂದಳು ಗೋಡೆಗೆ ಒರಗಿ ಕೂತಿದ್ದ ತಾಯಿ ಮರುಳಸಿದ್ದಮ್ಮ.

"ಏನಿಲ್ಲ ಬಿಡಬೇ."

ಹೇಳಲು ಹೋಗಬೇಕೆಂದು ಅವನು ಬೆಳಿಗ್ಗೆ ಎದ್ದದ್ದು ನಿಜ. ಧೋತರ ಉಟ್ಟು, ಪೇಟ ಸುತ್ತಿಕೊಂಡೂ ಆಯಿತು. ಆದರೆ ತಾಯಪ್ಪನ ಮುಖ ನೆನಪಾಯಿತು. ಹತ್ತಿರದ ಮೆಟ್ರಿ ಊರಿನಲ್ಲಿ ಒಂದು ಹೋರಿ ಮಾರಾಟಕ್ಕಿದೆ ಎಂದು ಯಾರೋ ಅಂದಿದ್ದರು. ಗಾಡಿ ಹೂಡಿಸಿಕೊಂಡು ಅದನ್ನು ನೋಡಲು ಹೋದ. ಕೊಳ್ಳುವ ಮನಸ್ಸೇನೂ ಇರಲಿಲ್ಲ. ಅವನು ಹೊತ್ತು ಮುಳುಗಿ ತಿರುಗಿ ಬರುವಷ್ಟರಲ್ಲಿ ತಾಯಪ್ಪನ ಹೊಲ ಬೋಳಾಗಿತ್ತು.

ಮರುದಿನ ತಾಯಪ್ಪ ಗಾಡಿಯ ತುಂಬ ಕಬ್ಬು ಹೇರಿಕೊಂಡು ಬಂದಾಗ ಗಾಣದಲ್ಲಿ ವಿರುಪಾಕ್ಷಪ್ಪನ ಎತ್ತು ಸುತ್ತುತ್ತಿದ್ದವು. ಅವನು ಗಾಡಿಯಿಂದ ಇಳಿಯಲಿಲ್ಲ.

"ಏನ್ರಿ ಇದು?"

"ನನ್ನ ಕೈಯಾಗ ಏನೈತಿ ತಾಯಪ್ಪ?" ದೊಡ್ಡಬಸಪ್ಪ ಅವನ ಗಾಡಿಯ ಗಾಲಿಯನ್ನು ನೋಡುತ್ತ ಹೇಳಿದ. "ಮನಿಯಾಕಿ ಒಪ್ಪಲಿಲ್ಲ. ವಿರುಪಾಕ್ಷಪ್ಪನ ಮನಿ ಹೆಣ್ಮಕ್ಕಳು ಆಕಿಗೆ ಬೇಕಾದೋರು. ಮೊದಲು ಅವರದಾಗ್ಲಿ ಅಂತ ಹಟ ಹಿಡದಾಳ."

ಒಲೆಗೆ ಸಿಪ್ಪೆ ನೂಕುತ್ತಿದ್ದ ಜಡೆಪ್ಪ ತಲೆ ಎತ್ತಿದ. ತಾಯಪ್ಪ ಒಮ್ಮೆ ತನ್ನ ಕಬ್ಬಿನ ಕಡೆ, ಒಮ್ಮೆ ದೊಡ್ಡಬಸಪ್ಪನ ಕಡೆ ನೋಡಿ, "ಆತ್ರಿ" ಎಂದಷ್ಟೇ ಅಂದ.

ವಿರುಪಾಕ್ಷಪ್ಪನ ಕಬ್ಬು ಮುಗಿಯುವ ಹೊತ್ತಿಗೆ ತಾಯಪ್ಪನ ಕಬ್ಬು ಒಣಗಿ ಹುಳಿ ವಾಸನೆ ಹೊಡೆಯುತ್ತಿತ್ತು. ಜಡೆಪ್ಪ ಎಷ್ಟು ಕಾಯಿಸಿದರೂ ಪಾಕ ಗಟ್ಟಿಯಾಗಲಿಲ್ಲ. ಅಚ್ಚಿಗೆ ಸುರಿದದ್ದು ಕಪ್ಪು ಅಂಟಾಗಿ ಹಾಗೇ ನಿಂತಿತು. ಎತ್ತಿಗೆ ತಿನ್ನಿಸಲಷ್ಟೇ ಬಂತು.

ಅದಾದ ಮೇಲೆ ಒಂದು ದಿನ ಸುವರ್ಣಮ್ಮ ಕಾಲುವೆಯಿಂದ ಬಟ್ಟೆ ಒಗೆದುಕೊಂಡು ಬಂದವಳು ಬುಟ್ಟಿ ಇಳಿಸದೆ ನಿಂತಳು.

"ಏನ್ರೀ, ತಾಯಪ್ಪನ ಹೇಣ್ತಿ ಹುಸೇನಮ್ಮಗ ನಾ ಏನು ಮಾಡೇನಿ?"

"ಯಾಕ?"

"ನಾ ಬಟ್ಟಿ ಹಾಕಿದ ಕಲ್ಲಿನಿಂದ ಆಕಿ ತನ್ನ ಬಟ್ಟಿ ಎತ್ಕೊಂಡು ಬ್ಯಾರೆ ಕಡೆ ಹೋದ್ಲು. 'ಹೊಟ್ಟಿ ಮ್ಯಾಲೆ ಹೊಡದೋರ ಮಗ್ಗಲಾಗ ನಾ ಕುಂದ್ರಂಗಿಲ್ಲ' ಅಂದ್ಲು. ಉಳಿದೋರೂ ಮಾತಾಡ್ಲಿಲ್ಲ."

"ಕಾಲುವಿ ಮ್ಯಾಲಿನ ಮಾತು ಮನಿಗ್ಯಾಕ ತರ್ತಿ?" ಎಂದು ದೊಡ್ಡಬಸಪ್ಪ ಎದ್ದು ಹೊರಗೆ ಹೋದ.

ಮಾಘ ಕಳೆಯುವ ಹೊತ್ತಿಗೆ ಮಗಳು ಕೊಟ್ರಮ್ಮನನ್ನು ನೋಡಲು ಹೊಸಪೇಟೆಯಿಂದ ಗಂಡಿನ ಕಡೆಯವರು ಬಂದರು. ಹುಡುಗನ ತಂದೆ ಸುಂಕಪ್ಪನವರದು ಪೇಟೆಯಲ್ಲಿ ಕಾಳಿನ ಅಂಗಡಿ, ಹೆಸರುಳ್ಳ ಮನೆ. ಸುವರ್ಣಮ್ಮ ಹೋಳಿಗೆ ಮಾಡಿದಳು, ಅವಳ ವಾರಗಿತ್ತಿ, ಜಡೆಪ್ಪನ ಹೆಂಡತಿ ಕೊಟ್ರಬಸಮ್ಮ ತನ್ನ ಟಿಕ್ಕಿ ಬಿಚ್ಚಿ ಹುಡುಗಿಯ ಕೊರಳಿಗೆ ಹಾಕಿದಳು. ಬಂದವರು ಉಂಡು, ಎರಡು ಸಲ ತುಪ್ಪ ಹಾಕಿಸಿಕೊಂಡು, "ಹುಡುಗಿ ಲಕ್ಷಣ ಅದಾಳ, ತಿಂಗಳೊಪ್ಪತ್ತಿನಾಗ ಹೇಳಿ ಕಳಸ್ತೀವಿ" ಎಂದು ಹೋದರು. ಆಮೇಲೆ ಕೊಟ್ರಮ್ಮ ಹಿತ್ತಲಲ್ಲಿ ಪಾತ್ರೆ ತಿಕ್ಕುವಾಗ ಹಾಡಿಕೊಳ್ಳುತ್ತಿದ್ದುದು ಪಡಸಾಲೆಗೂ ಕೇಳಿಸುತ್ತಿತ್ತು.

ಉತ್ತರ ತಂದವರು ಮಠದ ಕೊಟ್ರಯ್ಯನವರು. ಎರಡೂ ಮನೆಗೆ ಬೇಕಾದವರು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಬಂದು ಮಣೆಯ ತುದಿಯಲ್ಲಿ ಕೂತರು.

"ಏನಂದ್ರು ಹೇಳ್ರಿ ಅಯ್ನೋರ" ಎಂದಳು ಮರುಳಸಿದ್ದಮ್ಮ.

"ಬ್ಯಾಡ ಅಂದ್ರವ್ವ."

"ಹುಡುಗಿ ಬಣ್ಣಕ್ಕ ಏನಾರ ಅಂದ್ರೇನು?"

"ಹುಡುಗಿಗೇನೂ ಅನ್ಲಿಲ್ಲ." ಕೊಟ್ರಯ್ಯನವರು ಸುವರ್ಣಮ್ಮನ ಕಡೆ ನೋಡದೆ ಹೇಳಿದರು. "ತಾಯಿ ಗುಣ ಊರಾಗ ವಿಚಾರ್ಸಿದ್ರಂತ. ಗಂಡನ ಕೈ ಕಟ್ಟಿ ಹಾಕಿದಾಕಿ, ಯಾರಿಗೂ ಒಂದು ಉಪಕಾರ ಮಾಡಗೊಡದಾಕಿ, ಬಡವನ ಕಬ್ಬು ಒಣಗಿಸಿದಾಕಿ ಅಂತ ಹೇಳಿದ್ರಂತ. ಅಂಥಾಕಿ ಮಗಳನ್ನ ತಂದ್ಕೊಂಡು ನಾವು ಹೆಂಗ ಬಾಳೂಣು ಅಂದ್ರು."

ಸುವರ್ಣಮ್ಮ ಸಾರಿನ ಸೌಟು ಹಿಡಿದಿದ್ದವಳು ಹಾಗೇ ನಿಂತಳು.

"ನಾನು? ನಾ ಯಾರ ಕಬ್ಬು ಒಣಗ್ಸೇನಿ?"

ಅವಳು ಗಂಡನ ಕಡೆ ತಿರುಗಿದಳು. ಜಡೆಪ್ಪನೂ ಅವನ ಕಡೆಯೇ ನೋಡಿದ. ದೊಡ್ಡಬಸಪ್ಪನ ಕೈಯಲ್ಲಿ ರೊಟ್ಟಿಯ ತುತ್ತಿತ್ತು. ಹೇಳಿದರೆ ಈಗಲೇ ಹೇಳಬೇಕು ಎಂಬುದು ಅವನಿಗೆ ಗೊತ್ತಾಯಿತು. ಎದುರಿಗೆ ಮಠದವರು ಕೂತಿದ್ದರು. ಹೇಳಿದರೆ ಸಂಜೆಗೆ ಊರೆಲ್ಲ ಗೊತ್ತು.

"ಹೊಟ್ಟಿಕಿಚ್ಚಿನ ಮಂದಿ ಏನಾರ ಅಂತಾರ ಬಿಡ್ರಿ ಅಯ್ನೋರ" ಎಂದ.

ಜಡೆಪ್ಪ ಅರ್ಧ ಊಟದಲ್ಲಿ ಎದ್ದು ಕೈ ತೊಳೆದುಕೊಂಡ. "ಉಣ್ಣೂದು ಬಿಟ್ಟು ಎಲ್ಲಿಗೆ?" ಎಂದಳು ಅವನ ಹೆಂಡತಿ ಕೊಟ್ರಬಸಮ್ಮ. "ಸಾಕಾತು ನನಗ" ಎಂದು ಅವನು ಹೊರಟುಹೋದ. ಒಳಕೋಣೆಯ ಬಾಗಿಲ ಹಿಂದೆ ಕೊಟ್ರಮ್ಮನ ಬಳೆಯ ಸದ್ದು ಕೇಳಿಸಿ ನಿಂತಿತು.

ದೊಡ್ಡಬಸಪ್ಪ ಹಿತ್ತಲಿಗೆ ಹೋದಾಗ ಮರುಳಸಿದ್ದಮ್ಮ ಕೋಲೂರಿಕೊಂಡು ಹಿಂದೆಯೇ ಬಂದಳು.

"ಸಣ್ಣಾವಿದ್ದಾಗ ಮಜ್ಜಿಗಿ ಗಡಿಗಿ ನೀ ಒಡದು ಬೆಕ್ಕು ಒಡೀತು ಅಂತಿದ್ದಿ. ನಾ ನಕ್ಕು ಸುಮ್ನಾಗ್ತಿದ್ದೆ. ಅವತ್ತ ನಾಕು ಏಟು ಬಿಡಬೇಕಿತ್ತು ನಾ."

ಅವನು ಚೊಂಬಿನ ನೀರನ್ನೆಲ್ಲ ಒಂದೇ ಕೈಗೆ ಸುರಿದುಕೊಂಡ.

ಸುವರ್ಣಮ್ಮ ಮರುದಿನ ಸೆರಗು ಹೊದ್ದು ಒಬ್ಬಳೇ ತಾಯಪ್ಪನ ಮನೆಗೆ ಹೋದಳು. ಬಂದ ಮೇಲೆ ಗಂಡನೊಂದಿಗೆ ಜಗಳವಾಡುತ್ತಾಳೆಂದು ಮನೆಯವರೆಲ್ಲ ಕಾದರು. ಅವಳು ಅಡಿಗೆ ಮಾಡಿದಳು, ಬಡಿಸಿದಳು, ಎಮ್ಮೆ ಕರೆದಳು. ಅವನ ತಾಟಿಗೆ ರೊಟ್ಟಿ ಹಾಕುವಾಗ ಮುಖ ನೋಡಲಿಲ್ಲ. ಅಷ್ಟೇ.

ಎರಡು ದಿನ ಬಿಟ್ಟು ಪಕ್ಕದ ಓಣಿಯವನೊಬ್ಬ ಎತ್ತು ಕೇಳಲು ಬಂದ. ಮರುದಿನ ಆ ಎತ್ತಿನಿಂದ ಮನೆಯ ಹೊಲವನ್ನೇ ಉಳುವುದಿತ್ತು. "ನಂದೇನು ಅಡ್ಡಿಲ್ಲಪ, ಮನಿಯಾಗ ಒಂದು ಮಾತು..." ಎಂದು ದೊಡ್ಡಬಸಪ್ಪ ಬಾಯಿ ತೆರೆಯುವಷ್ಟರಲ್ಲಿ ಸುವರ್ಣಮ್ಮ ಹೊಸ್ತಿಲಿಗೆ ಬಂದಳು.

"ನಾ ಒಪ್ಪೀನಿ. ಹೊಡ್ಕೊಂಡು ಹೋಗ್ರಿ" ಎಂದಳು.

ಆಮೇಲೆ ಅದೇ ನಡೆಯಿತು. ಮದುವೆ ಮನೆಯವರು ತಾಮ್ರದ ಹಂಡೆ ಕೇಳಿದರು, ಕೊಟ್ಟಳು. ಇನ್ನೊಬ್ಬರು ಬಿತ್ತನೆಗೆಂದು ಕಬ್ಬಿನ ತುಂಡು ಕೇಳಿದರು, ಕೊಟ್ಟಳು. ಕೇಳಿ ಒಯ್ದವರ ಗಾಡಿ ಪ್ರಯಾಣಕ್ಕೆಂದು ಕೊಟ್ಟ ಮನೆಯ ಗಾಡಿ ಸಂಡೂರಿಗೆ ಹೋದದ್ದು ವಾರವಾದರೂ ಬರಲಿಲ್ಲ. ಎತ್ತಿಲ್ಲದೆ ಜಡೆಪ್ಪ ಉಳುಮೆ ನಿಲ್ಲಿಸಿದ. ಕೊಟ್ರಬಸಮ್ಮ ಮೊದಮೊದಲು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದವಳು, ಹಂಡೆಯಿಲ್ಲದೆ ಮೇಲಿಂದ ಮೇಲೆ ಕೊಡ ಹೊತ್ತು ಸೊಂಟ ನೊಂದ ಮೇಲೆ ರೇಗಿದಳು.

"ಯಕ್ಕಾ, ನಾಳೆ ಉಣ್ಣೂ ತಾಟೂ ಕೊಟ್ಟುಬಿಡ್ತಿಯೇನು?"

"ಕೇಳಿದ್ರ ಕೊಡ್ತೀನಿ. ಇಲ್ಲ ಅನ್ನಾಕ ನಿಮ್ಮ ಭಾವಗ ಬರಂಗಿಲ್ಲ. ನಾ ಅಂದ್ರ ಮಗಳ ಮದುವಿ ಆಗಂಗಿಲ್ಲ. ಇನ್ನ ಯಾರು ಅನ್ಬೇಕು?"

ದೊಡ್ಡಬಸಪ್ಪ ಒಳಗೆ ಬಂದು, ಧ್ವನಿ ಏರಿಸಿದ. "ಹಿಂಗ ಮಾಡಿದ್ರ ಮನಿ ಉಳೀತೈತೇನು?"

"ಹೊರಗ ಒಬ್ಬ ಬಂದು ಕುಂತಾನ. ಕೊಪ್ಪರಿಗಿ ಬೇಕಂತ. ಆಗಂಗಿಲ್ಲ ಅಂತ ನೀವಽ ಹೋಗಿ ಹೇಳ್ರಿ."

ಅವನು ಹೊರಗೆ ಹೋದ. ಬಂದವನು ನಕ್ಕು ಎದ್ದು ನಿಂತು, "ನಿಮ್ಮಂಥೋರು ಇರೂದಕ್ಕ ಊರು ನಡದೈತ್ರಿ" ಎಂದ. ಸ್ವಲ್ಪ ಹೊತ್ತಿಗೆ ಕೊಪ್ಪರಿಗೆ ಗಾಡಿಯೇರಿ ಹೋಗುವ ಸದ್ದು ಒಳಗಿದ್ದವರಿಗೆಲ್ಲ ಕೇಳಿಸಿತು. ಆ ದಿನ ದೊಡ್ಡಬಸಪ್ಪ ಊಟಕ್ಕೆ ಬರಲಿಲ್ಲ. ಯಾರೂ ಕರೆಯಲೂ ಇಲ್ಲ.

ಕೊಟ್ರಮ್ಮ ಸಂಜೆ ಮಜ್ಜಿಗೆ ತಂದು ಅವನ ಮುಂದಿಟ್ಟಳು. ಹೋಗಲಿಲ್ಲ.

"ಅಪ್ಪಾ, ಮುಂದ ಬ್ಯಾರೆ ಮನಿಯೋರು ಬಂದು, ನಿಮ್ಮವ್ವ ಅಂಥಾಕಿ ಅಂತಲ್ಲ ಅಂದ್ರ ನಾ ಏನನ್ಲಿ?"

ಹದಿನೈದರ ಹುಡುಗಿ. ಸಿಟ್ಟಿನಿಂದ ಕೇಳಿದ್ದರೆ ಅವನು ಗದರಿಸಬಹುದಿತ್ತು. ಅವಳಿಗೆ ನಿಜವಾಗಿಯೂ ಉತ್ತರ ಬೇಕಾಗಿತ್ತು.

ಮರುದಿನ ಅವನು ಬಾಡಿಗೆ ಗಾಡಿ ಮಾಡಿಕೊಂಡು ಹೊಸಪೇಟೆಗೆ ಹೋದ. ಸುಂಕಪ್ಪನವರ ಅಂಗಡಿಯಲ್ಲಿ ಜೋಳದ ಚೀಲಗಳ ನಡುವೆ ಕೂತು, ಗಿರಾಕಿಗಳೆಲ್ಲ ಹೋಗುವವರೆಗೂ ಕಾದ. ಆಮೇಲೆ ಹೇಳಿದ. ಮೊದಲು ಸುತ್ತಿ ಬಳಸಿ ಹೇಳಿದ, ಸುಂಕಪ್ಪನವರಿಗೆ ಅರ್ಥವಾಗಲಿಲ್ಲ. "ಬಿಡಿಸಿ ಹೇಳ್ರಿ" ಎಂದರು. ಆಗ ಬಿಡಿಸಿಯೇ ಹೇಳಬೇಕಾಯಿತು.

"ನಮ್ಮ ಮನಿಯಾಕಿದು ಏನೂ ತಪ್ಪಿಲ್ರಿ. ಆಕಿಗೆ ಗೊತ್ತಽ ಇರ್ಲಿಲ್ಲ. ಒಲ್ಲೆ ಅನ್ನಾಕ ನನಗ ಬಾಯಿ ಬರ್ಲಿಲ್ಲ. ಆಕಿ ಹೆಸರು ಹೇಳ್ಕೋತ ಬಂದೆ."

ಸುಂಕಪ್ಪನವರು ತಕ್ಕಡಿಯ ತಟ್ಟೆಯನ್ನು ಒರೆಸಿ ಕೆಳಗಿಟ್ಟರು.

"ಆ ಹೆಣ್ಮಗಳ ಬಗ್ಗೆ ನಾವು ತಪ್ಪು ತಿಳ್ಕೊಂಡ್ವಿ. ನಾ ಶರಣು ಅಂದೆ ಅಂತ ಹೇಳ್ರಿ ಆಕಿಗೆ."

ದೊಡ್ಡಬಸಪ್ಪನ ಎದೆ ಹಗುರಾಯಿತು. "ಹಂಗಾದ್ರ ಮಾತು ಮುಂದುವರಸೂಣೇನ್ರಿ?"

"ಅದು ಆಗಂಗಿಲ್ರಿ. ಸಿಟ್ಟಾಗಬ್ಯಾಡ್ರಿ. ಬೀಗತನ ನಿಲ್ಲೂದು ಯಜಮಾನನ ಮಾತಿನ ಮ್ಯಾಲೆ. ನಾಳೆ ನೀವು ನಮಗೊಂದು ಮಾತು ಕೊಟ್ಟು, ಅದು ನಡೀದಿದ್ರ ಆಗ ಯಾರ ಹೆಸರು ಹೇಳ್ತೀರಿ?"

ಸುಂಕಪ್ಪನವರು ದನಿ ಏರಿಸಿರಲಿಲ್ಲ. ಎದುರಿಗೆ ಕೂತವನ ಮುಖ ಬಾಡುವುದನ್ನು ನೋಡುತ್ತಲೇ, ನಿಧಾನವಾಗಿ ಹೇಳಿದ್ದರು. ಹಾಗೆ ಹೇಳಲು ಬರುತ್ತದೆ ಎಂಬುದೇ ದೊಡ್ಡಬಸಪ್ಪನಿಗೆ ಹೊಸದಾಗಿ ಕಂಡಿತು.

ಮನೆಗೆ ಬಂದು ಎಲ್ಲರ ಎದುರಿಗೆ ನಡೆದದ್ದನ್ನು ನಡೆದಂತೆಯೇ ಹೇಳಿದ. ಕೊಟ್ರಮ್ಮ ಎದ್ದು ಒಳಗೆ ಹೋದಳು. ಮರುಳಸಿದ್ದಮ್ಮ, "ನನ್ನ ಮಗನ ಬಾಯಿಂದ ಇಷ್ಟು ವರ್ಷಕ್ಕ ಒಂದು ಖರೆ ಬಂತು. ಅದಕ್ಕ ನನ್ನ ಮೊಮ್ಮಗಳ ಮದುವಿ ಹೋತು" ಎಂದಳು.

ಸುವರ್ಣಮ್ಮ ಅನ್ನದ ಪಾತ್ರೆಗೆ ತಟ್ಟೆ ಮುಚ್ಚುತ್ತ ಕೇಳಿದಳು: "ಹೊಸಪೇಟಿಯೋರ ಮುಂದ ಹೇಳಿದ್ರಿ. ತಾಯಪ್ಪನ ಮುಂದ?"

ದೊಡ್ಡಬಸಪ್ಪ ಬೆಳಿಗ್ಗೆ ಎದ್ದು ಪೇಟ ಸುತ್ತಿಕೊಳ್ಳದೆಯೇ ಹೋದ.

ತಾಯಪ್ಪ ಗುಡಿಸಲ ಮುಂದೆ ಹಗ್ಗ ಹೊಸೆಯುತ್ತಿದ್ದ. ಹುಸೇನಮ್ಮ ಅಂಗಳ ಗುಡಿಸುತ್ತಿದ್ದಳು. ಕೂತುಕೊಳ್ಳಿ ಎಂದು ಯಾರೂ ಅನ್ನಲಿಲ್ಲ. ದೊಡ್ಡಬಸಪ್ಪ ನಿಂತುಕೊಂಡೇ ಹೇಳಿದ.

"ಆವತ್ತು ಸರದಿ ತಪ್ಪಿಸಿದಾವ ನಾನಽ, ತಾಯಪ್ಪ. ಆಕಿ ಅಲ್ಲ."

ತಾಯಪ್ಪ ಹಗ್ಗ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ಗೊತ್ತಿತ್ರಿ" ಎಂದ.

"ಗೊತ್ತಿತ್ತು?"

"ವಿರುಪಾಕ್ಷಪ್ಪ ನಿಮ್ಮ ಮನಿಗೆ ಹೋಗಿದ್ದನ್ನ ಊರಽ ನೋಡೈತಿ. ಒಳಗಿರೋ ಹೆಣ್ಮಗಳು ಗಾಣದ ಸರದಿ ಹಚ್ತಾಳ ಅಂದ್ರ ಯಾರು ನಂಬ್ತಾರ್ರಿ?" ಅವನು ಈಗ ತಲೆ ಎತ್ತಿದ. "ಆದ್ರ ಗಾಣ ನಿಮ್ಮದು, ಕೊಪ್ಪರಿಗಿ ನಿಮ್ಮದು. ಬರೂ ವರ್ಷ ನಾ ಕಬ್ಬು ಎಲ್ಲಿ ಅರೀಲಿ? ನಿಮ್ಮ ಮ್ಯಾಲೆ ಸಿಟ್ಟು ಮಾಡ್ಕೊಂಡು ಬದುಕಾಕ ಆಗ್ತೈತೇನು? ಆಕಿ ಹೆಸರು ನೀವಽ ಕೊಟ್ಟಿದ್ರಿ. ಆಕಿ ಮ್ಯಾಲೇ ಮಾಡ್ಕೊಂಡೆ."

ಹುಸೇನಮ್ಮನ ಕೈಯಿಂದ ಕಸಬರಿಗೆ ಬಿತ್ತು.

"ನಿನಗ ಗೊತ್ತಿತ್ತೇನು?" ಎಂದಳು ಗಂಡನಿಗೆ. "ಆಯಮ್ಮ ಇಲ್ಲೇ, ಈ ಅಂಗಳದಾಗ ನಿಂತು ಮಕ್ಕಳಾಣಿ ಮಾಡಿದ್ಲು, ನನಗ ಗೊತ್ತಿಲ್ಲವ್ವ ಅಂತ. ಆಗ್ಲೂ ನೀ ಸುಮ್ನ ಒಳಗ ಕುಂತಿದ್ದಿ!"

ತಾಯಪ್ಪ ಹಗ್ಗದ ಕಡೆ ಮುಖ ಮಾಡಿದ. ಸುವರ್ಣಮ್ಮ ಆಣೆ ಮಾಡಿದ್ದು ದೊಡ್ಡಬಸಪ್ಪನಿಗೆ ಗೊತ್ತಿರಲಿಲ್ಲ. ಪರರ ಅಂಗಳದಲ್ಲಿ, ಅವನ ಮಾತಿಗಾಗಿ, ಅವನ ಮಕ್ಕಳ ಮೇಲೆ. ಅವನು ಹೊರಡಲು ತಿರುಗಿದ. "ಬರೂ ವರ್ಷ ಮೊದಲ ಸರದಿ ನಿಂದು" ಎಂದ. "ನೋಡೂಣ್ರಿ" ಎಂದ ತಾಯಪ್ಪ. ತಾನು ಕೊಟ್ಟ ಮಾತಿಗೆ ಊರಲ್ಲಿ ಇದ್ದ ಬೆಲೆ ಅಷ್ಟೇ ಎಂದು ದೊಡ್ಡಬಸಪ್ಪನಿಗೆ ತಿಳಿಯಿತು.

ಕೊಪ್ಪರಿಗೆಯನ್ನು ಅವನೇ ಹೋಗಿ ಕೇಳಿ ತಂದ. ಗಾಡಿ ತಂದ. ಬಿತ್ತನೆಯ ಕಬ್ಬು ಬರಲಿಲ್ಲ. ಪಂಚಾಯತಿಗೆ ಬೇರೆ ಯಾರದೋ ಹೆಸರು ಹೋಯಿತು. ಕೊಟ್ರಮ್ಮನನ್ನು ಕೇಳಿಕೊಂಡು ಆ ವರ್ಷ ಇನ್ನಾರೂ ಬರಲಿಲ್ಲ. ಸುವರ್ಣಮ್ಮ ಮಾತಾಡುತ್ತಿದ್ದಳು, ಉಪ್ಪು ತೀರಿದೆ, ಎಮ್ಮೆ ಹಾಲು ಕೊಡುತ್ತಿಲ್ಲ, ಅತ್ತೆಗೆ ಕೆಮ್ಮು. ಅದಕ್ಕಿಂತ ಹೆಚ್ಚಿಲ್ಲ.

ಮುಂದಿನ ಸುಗ್ಗಿಯಲ್ಲಿ ಮೊದಲು ತಾಯಪ್ಪನ ಕಬ್ಬು ಗಾಣಕ್ಕೆ ಬಿತ್ತು. ಎತ್ತು ಕಟ್ಟಿ ಒಂದು ಸುತ್ತು ಬರುವಷ್ಟರಲ್ಲಿ ವಿರುಪಾಕ್ಷಪ್ಪ ಛತ್ರಿ ಊರಿಕೊಂಡು ಆಲೆಮನೆಗೆ ಬಂದರು. ಸುತ್ತ ಹತ್ತಾರು ಮಂದಿ ಇದ್ದರು.

"ಇವಂದು ಬಿಚ್ಚಿಸು ದೊಡ್ಡಬಸಪ್ಪ. ನಂದು ಹೊಲದಾಗ ಕಡಿದು ಬಿದ್ದೈತಿ."

ಒಲೆಯ ಬಳಿ ಜಡೆಪ್ಪ ಎದ್ದು ನಿಂತ. ದೊಡ್ಡಬಸಪ್ಪ ವಿರುಪಾಕ್ಷಪ್ಪನ ಮುಖವನ್ನೇ ನೋಡಿದ.

"ಆಗಂಗಿಲ್ರಿ. ಈಗ ತಾಯಪ್ಪನ ಸರದಿ."

ವಿರುಪಾಕ್ಷಪ್ಪನ ಮುಖದ ಮೇಲೆ ನಗು ಹಬ್ಬಿತು.

"ಓಹೋ. ಮನಿಯಾಕಿ ಹೇಳಿ ಕಳಸ್ಯಾಳ."

"ಇಲ್ರಿ. ನಾನಽ ಹೇಳ್ತೀನಿ."

"ಗೊತ್ತೈತಿ ಬಿಡಪ. ನಿನ್ನ ಬಾಯಾಗ ಇಂಥ ಮಾತು ಎಲ್ಲಿಂದ ಬರ್ಬೇಕು?"

ಸುತ್ತ ನಿಂತವರು ನಕ್ಕರು. "ಖರೇನಽ ನಾನು, ಆಕಿಗೂ ಇದಕ್ಕೂ ಸಂಬಂಧಿಲ್ಲ" ಎಂದು ದೊಡ್ಡಬಸಪ್ಪ ಕೂಗಿದ. ಅವನು ಕೂಗಿದಷ್ಟೂ ನಗು ಹೆಚ್ಚಾಯಿತು. ತಾಯಪ್ಪ ಮಾತ್ರ ನಗಲಿಲ್ಲ. ಎತ್ತಿನ ಹಿಂದೆ ಸುತ್ತುತ್ತಿದ್ದ. ನಗಬೇಡಿ ಎಂದೂ ಅನ್ನಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಸುವರ್ಣಮ್ಮ ರೊಟ್ಟಿ ಹಾಕುತ್ತ, "ವಿರುಪಾಕ್ಷಪ್ಪ ಬಂದಿದ್ರಂತ. ಸರದಿ ಕೊಟ್ರೇನು?" ಎಂದಳು.

"ಇಲ್ಲ. ಆಗಂಗಿಲ್ಲ ಅಂದೆ."

ಅವಳ ಕೈ ನಿಂತಿತು. "ಏನಂದ್ರು?"

ಸುಳ್ಳು ಹೇಳುವುದು ಈಗಲೂ ಸುಲಭವಿತ್ತು.

"ನೀನಽ ಹೇಳಿಕೊಟ್ಟಿ ಅಂದ್ರು. ಮಂದಿಯೆಲ್ಲಾ ನಕ್ರು. ಎಷ್ಟು ಹೇಳಿದ್ರೂ ನಂಬ್ಲಿಲ್ಲ."

ಸುವರ್ಣಮ್ಮ ಒಲೆಯ ಕಡೆ ತಿರುಗಿ ಹಂಚಿನ ಮೇಲಿನ ರೊಟ್ಟಿ ಮಗುಚಿದಳು.

"ಅನ್ಲಿ. ನೀವಂತೂ ಅನ್ನಬ್ಯಾಡ್ರಿ."